ಕಂಡು ಉಣ್ಣುವ ಅನ್ನ

ಬಜೆಯ ವಾಸನೆ ಬಂದರೆ ಸಾಕು, ಶಶಿಪ್ರಭಾ ಅವರಿಗೆ ತಮ್ಮ ಏಳನೆಯ ವಯಸ್ಸು ನೆನಪಾಗುತ್ತಿತ್ತು. ನೆರಿಯ ಎಂಬ ಊರಿನ ತವರುಮನೆಯಲ್ಲಿ ಅಕ್ಕಿ ತುಂಬಿಡುವ ದೊಡ್ಡ ಮರದ ಪೆಟ್ಟಿಗೆಯೊಂದಿತ್ತು. ಅವರ ಅಮ್ಮ ಒಣಗಿದ ಬಜೆಯ ತುಂಡುಗಳನ್ನು ಹಳೆಯ ಸೀರೆಯ ಚಿಂದಿಯಲ್ಲಿ ಕಟ್ಟಿ ಅಕ್ಕಿಯ ನಡುವೆ ಹೂತಿಡುತ್ತಿದ್ದರು. ಮುಚ್ಚಳ ತೆರೆದ ಕೂಡಲೇ ಮೂಗಿನ ತುದಿ ಜುಮ್ಮೆನ್ನುವಂಥ ವಾಸನೆ ಏಳುತ್ತಿತ್ತು. ಹುಡುಗಿ ಪೆಟ್ಟಿಗೆಯ ಅಂಚನ್ನು ತಬ್ಬಿಕೊಂಡು ತಲೆಯನ್ನು ಪೂರ್ತಿ ಒಳಗೆ ಇಳಿಸುತ್ತಿದ್ದಳು. "ಹುಳ ಬಂದ ಮೇಲೆ ಹೆಕ್ಕಿ ಹೊರಗೆ ಬಿಡುವುದು ಎರಡನೆಯ ಮಾತು ಮಗಾ. ಬಾರದ ಹಾಗೆ ನೋಡಿಕೊಳ್ಳುವುದು ಮೊದಲನೆಯದ್ದು" ಎನ್ನುತ್ತಿದ್ದರು ಅಮ್ಮ.

ಮೂಡುಬಿದಿರೆಯ ಜೈನರ ಮನೆಗೆ ಸೊಸೆಯಾಗಿ ಬಂದು ನಲವತ್ತನಾಲ್ಕು ವರ್ಷವಾದರೂ ಅಕ್ಕಿ ಹೆಕ್ಕುವ ಕೆಲಸವನ್ನು ಶಶಿಪ್ರಭಾ ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಚಾವಡಿಯ ಬಾಗಿಲ ಬಳಿ ಮೊರದಂಥ ಬಿದಿರಿನ ಗೆರಸೆ ಹಿಡಿದು ಕೂತರೆ ಏಳುವಾಗ ಹತ್ತೂವರೆ. ಸಿಕ್ಕಿದ ಹುಳಗಳನ್ನು ತೆಂಗಿನ ಗೆರಟೆಗೆ ಹಾಕಿ, ಜೊತೆಗೆ ನಾಲ್ಕು ಕಾಳು ಅಕ್ಕಿಯನ್ನೂ ಹಾಕಿ, ಹಿತ್ತಿಲ ಬೇಲಿಯ ಬುಡದಲ್ಲಿ ಇಟ್ಟು ಬರುತ್ತಿದ್ದರು. "ಅವಕ್ಕೂ ಮಧ್ಯಾಹ್ನ ಆಗ್ತದಲ್ಲ!"

ಮಗ ಶಾಂತಿಪ್ರಸಾದನಿಗೆ ಪೇಟೆಯಲ್ಲಿ ಪೈಂಟು, ಮೊಳೆ, ಪೈಪುಗಳ ಅಂಗಡಿ. ಸೊಸೆ ತ್ರಿಶಲಾ ಸಹಕಾರಿ ಸಂಘದಲ್ಲಿ ಗುಮಾಸ್ತೆ. ಮೊಮ್ಮಗಳು ಬ್ರಾಹ್ಮಿ ಆ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಬಿ.ಎಸ್ಸಿ.ಗೆ ಸೇರಿದ್ದಳು. ಶಶಿಪ್ರಭಾ ಅವರಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗುತ್ತಿದ್ದರು, ಸೂರ್ಯ ಮುಳುಗುವ ಮೊದಲು ಊಟ ಮುಗಿಸುತ್ತಿದ್ದರು. ಕತ್ತಲಾದ ಮೇಲೆ ಮನೆಯಲ್ಲಿ ಉಳಿದವರು ಒಮ್ಮೊಮ್ಮೆ ಚಹಾ ಕುಡಿದದ್ದುಂಟು. ಶಶಿಪ್ರಭಾ ನೀರನ್ನೂ ಮುಟ್ಟಿದವರಲ್ಲ.

ಆ ಮಳೆಗಾಲ ಊರಿನ ಬಸದಿಯಲ್ಲಿ ಒಬ್ಬ ದಿಗಂಬರ ಮುನಿಗಳು ಚಾತುರ್ಮಾಸಕ್ಕೆ ನಿಂತಿದ್ದರು. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡೇ, ಕೈಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಒಂದು ಕೂದಲೋ ಹುಳವೋ ಕಂಡರೆ ಅದು ಅಂತರಾಯ. ಅಲ್ಲಿಗೆ ಊಟ ನಿಂತಿತು. ಮರುದಿನ ಅದೇ ಹೊತ್ತಿನವರೆಗೆ ಹನಿ ನೀರೂ ಇಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ ಮುನಿಗಳು ಇವರ ಬಾಗಿಲಲ್ಲಿ ನಿಂತರು. ಇಡೀ ಮನೆ ಕೈ ಮುಗಿಯಿತು. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕಾಯಿಸಿದ್ದರು. ಅನ್ನ, ತೊವ್ವೆ, ಹಾಲು ಸಿದ್ಧವಿತ್ತು. "ಆಹಾರ ಜಲ ಶುದ್ಧವಾಗಿದೆ" ಎಂದು ಶಶಿಪ್ರಭಾ ನಡುಗುವ ದನಿಯಲ್ಲಿ ಹೇಳಿದರು. ಮೂರನೆಯ ತುತ್ತಿಗೆ ಮುನಿಗಳು ಬೊಗಸೆಯನ್ನು ದಿಟ್ಟಿಸಿ ನೋಡಿದರು. ಬಿಳಿಯ ಅನ್ನದಲ್ಲಿ ಎಳ್ಳಿನಷ್ಟು ಕಪ್ಪಗೆ ಒಂದು ಅಕ್ಕಿಹುಳ. ಅವರು ಬೊಗಸೆ ಬಿಡಿಸಿದರು, ಅನ್ನ ಕೆಳಗಿನ ಪಾತ್ರೆಗೆ ಬಿತ್ತು. ನವಿಲುಗರಿಯ ಪಿಂಛಿ ಹಿಡಿದು ಮಳೆಯಲ್ಲೇ ಬಸದಿಯ ಕಡೆಗೆ ನಡೆದುಬಿಟ್ಟರು.

ಬಂಟ್ವಾಳದಿಂದ ಬಂದಿದ್ದ ಶಾಂತಿಪ್ರಸಾದನ ಚಿಕ್ಕಮ್ಮ ಮೊದಲು ಬಾಯಿ ತೆರೆದರು. "ಅಕ್ಕಿ ಹೆಕ್ಕಿದ್ದು ಯಾರು?"

ಶಶಿಪ್ರಭಾ ಅವರ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ತ್ರಿಶಲಾ ಅತ್ತೆಯ ಮುಖ ನೋಡಿದಳು.

"ನಾನು" ಎಂದಳು.

"ಹಾಗೆ ಹೇಳು. ಆಫೀಸಿನ ಪುಸ್ತಕ ನೋಡುವ ಕಣ್ಣು ಬೇರೆ, ಅಕ್ಕಿ ನೋಡುವ ಕಣ್ಣು ಬೇರೆ. ಆಗದಿದ್ರೆ ಅಕ್ಕನಿಗೇ ಬಿಡ್ಬೇಕಿತ್ತಪ್ಪ."

ಆ ದಿನ ಅತ್ತೆ ಸೊಸೆ ಇಬ್ಬರೂ ಉಪವಾಸ ಮಾಡಿದರು. ಮರುದಿನದಿಂದ ಬಸದಿಯ ಮೆಟ್ಟಿಲಲ್ಲಿ ಹೆಂಗಸರು ತ್ರಿಶಲೆಯನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಶಶಿಪ್ರಭಾ ಅವರಿಗೆ ಅದು ಗೊತ್ತಾಯಿತು. ಗೆರಸೆಯ ಮುಂದೆ ಮೊದಲಿಗಿಂತ ಅರ್ಧ ಗಂಟೆ ಹೆಚ್ಚು ಕೂರತೊಡಗಿದರು.

ಎರಡು ವಾರದ ನಂತರ, ಕಾಲೇಜಿಗೆ ರಜೆಯಿದ್ದ ದಿನ, ಬ್ರಾಹ್ಮಿ ಅಜ್ಜಿಯ ಬಳಿ ಕೂತಿದ್ದಳು. ಅಜ್ಜಿಯ ಬೆರಳು ಅಕ್ಕಿಯ ಮೇಲೆ ಓಡಾಡುತ್ತಿತ್ತು, ಆಗಾಗ ಏನನ್ನೋ ಚಿವುಟಿ ಗೆರಟೆಗೆ ಹಾಕುತ್ತಿತ್ತು. ಬ್ರಾಹ್ಮಿ ಗೆರಟೆಯನ್ನು ಬಗ್ಗಿ ನೋಡಿದಳು. ಒಳಗಿದ್ದದ್ದೆಲ್ಲ ಒಳ್ಳೆಯ ಅಕ್ಕಿ. ಅವಳು ತನ್ನ ಹಣೆಯ ಕೆಂಪು ಬಿಂದಿಯನ್ನು ತೆಗೆದು ಗೆರಸೆಯ ನಡುವೆ ಅಕ್ಕಿ ಸರಿಸಿ ಅಂಟಿಸಿದಳು.

"ಇದೆಂತ ಹೇಳಿ ಅಜ್ಜಿ?"

"ಯಾವುದು?"

"ಇದೇ. ಇಲ್ಲಿ, ಮಧ್ಯದಲ್ಲಿ."

ಅಜ್ಜಿಯ ಬೆರಳು ಬಿಂದಿಯ ಸುತ್ತ ತಡಕಾಡಿತು. "ಅಕ್ಕಿ" ಎಂದರು.

ಸಂಜೆ ಐದೂವರೆಯ ಊಟಕ್ಕೆ ಎಲ್ಲರೂ ಕೂತಾಗ ಬ್ರಾಹ್ಮಿ ಅದನ್ನು ಹೇಳಿಯೇಬಿಟ್ಟಳು.

"ಯಾವತ್ತಿನಿಂದ ಅಮ್ಮ?" ಶಾಂತಿಪ್ರಸಾದ ಕೇಳಿದ.

"ಯುಗಾದಿ ಹೊತ್ತಿಗೆ ಸುರು ಆದದ್ದು. ಹೊಗೆ ಕಟ್ಟಿದ ಹಾಗೆ."

"ನಾಲ್ಕು ತಿಂಗಳು! ಬಾಯಿ ಬಿಡ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಹೇಳಿದ್ರೆ ನೀವು ಗೆರಸೆ ತೆಗ್ದಿಡ್ತಿದ್ರಿ."

ಬ್ರಾಹ್ಮಿ ತಾಯಿಯ ಕಡೆ ತಿರುಗಿದಳು. "ಹಾಗಾದ್ರೆ ಮುನಿಗಳು ಬಂದ ದಿವಸ—"

"ಸಾರು ಹಾಕ್ಲಾ?" ಎಂದಳು ತ್ರಿಶಲಾ.

"ಸಾರು ಅಲ್ಲಿರಲಿ" ಎಂದರು ಶಶಿಪ್ರಭಾ. "ಹೆಕ್ಕಿದ್ದು ನಾನು. ಇವಳು ಸುಳ್ಳು ಹೇಳಿದ್ದು."

ಶಾಂತಿಪ್ರಸಾದ ಹೆಂಡತಿಯನ್ನು ನೋಡಿದ. "ನಿನಗೆಂತಕ್ಕೆ ಈ ದೊಡ್ಡಸ್ತಿಕೆ? ಊರೆಲ್ಲ ನಿನ್ನನ್ನೇ ಆಡಿಕೊಳ್ತಾ ಉಂಟು."

"ಆಡಿಕೊಳ್ಳಲಿ. ಆಫೀಸಿಗೆ ಹೋಗುವವಳಿಗೆ ಅದು ಹೊಸತಾ?"

"ನನ್ನ ಪಾಪವನ್ನು ನೀನು ತೆಗೊಳ್ಳಿಕ್ಕೆ ಆಗುದಿಲ್ಲ ತ್ರಿಶಲಾ" ಎಂದರು ಶಶಿಪ್ರಭಾ. "ನಿನ್ನ ಪಾಲಿಗೆ ಬಂದದ್ದು ಸುಳ್ಳು ಒಂದೇ." ಊಟ ಮುಗಿಸಿ ಕೈ ತೊಳೆದ ಮೇಲೆ, "ಚಿಕ್ಕಮ್ಮನಿಗೆ ನಾನೇ ಫೋನು ಮಾಡ್ತೇನೆ" ಎಂದರು. ಮಾಡಿದರು ಕೂಡ. ಚಿಕ್ಕಮ್ಮ ನಂಬಲಿಲ್ಲ. ಸೊಸೆಯನ್ನು ಉಳಿಸಲಿಕ್ಕೆ ಅಕ್ಕ ಹೀಗೆ ಹೇಳುತ್ತಿದ್ದಾಳೆ, ಎಂಥ ಹೆಂಗಸು, ಎಂದು ಬಂಟ್ವಾಳದಲ್ಲಿ ಹೇಳಿಕೊಂಡು ತಿರುಗಿದರು.

ಸುದ್ದಿ ಬೇಲಿಯಾಚೆಗೂ ಹೋಯಿತು. ಪಕ್ಕದ ಮನೆ ದಿನಸಿ ಅಂಗಡಿಯ ಮೂಸಾ ಅವರದ್ದು. ಅವರ ಹೆಂಡತಿ ಮೈಮೂನಮ್ಮನಿಗೆ ಹಿಂದಿನ ವರ್ಷ ಕಣ್ಣಿನ ಪೊರೆ ತೆಗೆದಿದ್ದರು. ಆಕೆ ಬಂದು ಚಾವಡಿಯಲ್ಲಿ ಕೂತು ಧೈರ್ಯ ಹೇಳಿದರು.

"ಹೆದರ್ಬೇಡಿ ಅಕ್ಕ. ನನಗೆ ಕಟ್ಟು ಬಿಚ್ಚಿದ ದಿವಸ ಗೋಡೆ ಮೇಲೆ ಇರುವೆ ಕಂಡಿತು. ಮನೆಗೆ ಬಂದು ನೋಡಿದ್ರೆ, ಅಲ್ಲಾಹ್, ನನ್ನ ಅಡಿಗೆ ಕೋಣೆ ಅಷ್ಟು ಗಲೀಜು ಅಂತ ಆವತ್ತೇ ಗೊತ್ತಾದದ್ದು. ಇವರ ಮುಖ ಬೇರೆ ಸರಿಯಾಗಿ ಕಂಡುಹೋಯ್ತು. ಅದೊಂದು ನಷ್ಟ."

ಶಶಿಪ್ರಭಾ ಎಷ್ಟೋ ದಿನದ ಮೇಲೆ ನಕ್ಕರು.

"ನಿಮಗೆ ಈಗ ಕತ್ತಿಯೂ ಇಲ್ಲವಂತೆ, ಕಟ್ಟೂ ಇಲ್ಲವಂತೆ. ಬರೀ ಬೆಳಕಲ್ಲಿ ಮಾಡುದಂತೆ. ಲೇಸರ್. ಮಧ್ಯಾಹ್ನ ಹೋಗಿ ಸಂಜೆಗೆ ಮನೆ. ಮತ್ತೆ ಅಕ್ಕಿ ಏನು, ರಾಗಿಯನ್ನೇ ಹೆಕ್ತೀರಿ ನೋಡಿ."

ಮನೆಯಲ್ಲಿ ಎಲ್ಲರೂ ನಂಬಿದ್ದು ಈ ಮಾತನ್ನೇ. ಮಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಮೊದಲ ದಿನ ಕೈಯ ನರಕ್ಕೆ ಹಳದಿ ಬಣ್ಣದ ಮದ್ದು ಚುಚ್ಚಿ ಕಣ್ಣಿನ ಒಳಗಿನ ಫೋಟೋ ತೆಗೆದರು. ಎರಡು ದಿನ ಮೂತ್ರ ಹಳದಿ ಹೋಗುತ್ತದೆ, ಗಾಬರಿ ಬೇಡ ಎಂದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಾಗದದ ಮೇಲೆ ಕಣ್ಣಿನಂಥ ದುಂಡು ಚಿತ್ರ ಬರೆದು ತಾಳ್ಮೆಯಿಂದ ವಿವರಿಸಿದರು.

"ಸಕ್ಕರೆಯಿಂದಾಗಿ ಕಣ್ಣಿನ ಹಿಂದಿನ ಪರದೆಯಲ್ಲಿ ಹೊಸ ರಕ್ತನಾಳ ಹುಟ್ಟಿದೆ. ಅದು ತುಂಬ ಬಡಕಲು. ಯಾವಾಗ ಬೇಕಾದ್ರೂ ಒಡೀಬಹುದು. ಲೇಸರ್‌ನಲ್ಲಿ ಪರದೆಯ ಅಂಚನ್ನು ಚುಕ್ಕಿ ಚುಕ್ಕಿಯಾಗಿ ಸುಡ್ತೇವೆ. ಆಗ ಅವು ಒಣಗ್ತವೆ. ಒಂದೊಂದು ಕಣ್ಣಿಗೆ ಎರಡು ಮೂರು ಸಲ ಬೇಕಾದೀತು."

"ಮತ್ತೆ ಕಾಣ್ತದಲ್ಲ?" ಶಾಂತಿಪ್ರಸಾದ ಕೇಳಿದ.

"ಇರುವುದನ್ನು ಉಳಿಸ್ಲಿಕ್ಕೆ ಇದು. ಹೋದದ್ದು ಬರುವುದು ಕಷ್ಟ. ಮಬ್ಬು ಬೆಳಕಲ್ಲಿ ಈಗಿನದಕ್ಕಿಂತ ಸ್ವಲ್ಪ ಕಮ್ಮಿಯೂ ಕಾಣಬಹುದು."

ಹೊರಗೆ ಬಂದ ಮೇಲೆ ಶಾಂತಿಪ್ರಸಾದ, "ಡಾಕ್ಟರುಗಳು ಮೊದಲು ಹಾಗೇ ಹೇಳುದು. ನಾಳೆ ಕೇಸು ಗೀಸು ಆಗಬಾರದಲ್ಲ" ಎಂದ. ತ್ರಿಶಲಾ ಆ ಕಾಗದವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಶಶಿಪ್ರಭಾ ಕೇಳಿದ್ದು ಒಂದೇ: "ಸುಡುವಾಗ ಒಳಗೆ ಯಾವ ಜೀವವೂ ಸಾಯುದಿಲ್ಲವಲ್ಲ?"

ಆಗಸ್ಟ್ ಎರಡನೆಯ ವಾರ ಬಲಗಣ್ಣಿಗೆ ಮೊದಲ ಲೇಸರ್. ಅಂಗಡಿಗೆ ಲೋಡು ಬರುವುದಿತ್ತು, ಹಾಗಾಗಿ ತ್ರಿಶಲಾ ರಜೆ ಹಾಕಿ ಹೊರಟಳು. ಹನ್ನೊಂದಕ್ಕೆ ಊಟ ಮಾಡಿ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಹತ್ತು ಹತ್ತು ನಿಮಿಷಕ್ಕೊಮ್ಮೆ ನರ್ಸ್ ಬಂದು ಕಣ್ಣಿಗೆ ಹನಿ ಹಾಕಿದಳು. ಉರಿ. ಪಾಪೆ ಅಗಲವಾಗುವವರೆಗೆ ಕಣ್ಣು ಮುಚ್ಚಿ ಕೂತಿರಬೇಕು. ಒಂದು ಗಂಟೆಯಾಯಿತು, ಎರಡಾಯಿತು. ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದವರು ಮುಂಡಾಜೆಯ ನೋಣಯ್ಯ ಎಂಬ ಮುದುಕರು.

"ಅಮ್ಮನವರಿಗೆ ಮೊದಲ ಸಲವಾ?"

"ಹೌದು. ನಿಮಗೆ?"

"ಐದನೆಯದು. ಒಂದು ಮಾತು ಹೇಳ್ತೇನೆ. ಗದ್ದ ಇಡ್ಲಿಕ್ಕೆ ಒಂದು ಪಟ್ಟಿ ಉಂಟು, ಹಣೆಗೆ ಒಂದು. ಕಣ್ಣಿನ ಮೇಲೆ ಗಾಜು ಕೂರಿಸ್ತಾರೆ, ರೆಪ್ಪೆ ಬಡಿಲಿಕ್ಕೆ ಆಗುದಿಲ್ಲ. ಹಸಿರು ಮಿಂಚು ಹೊಡೀತದೆ. ಮೊದಲ ನೂರು ಎಂತದೂ ಇಲ್ಲ. ಮತ್ತೆ ಕೆಲವು ಸೂಜಿ ಹಾಕಿದ ಹಾಗೆ ಮಂಡೆಯ ಹಿಂದಿನವರೆಗೆ ಹೋಗ್ತದೆ. ಆಗ ನಾಲಿಗೆಯನ್ನು ಮೇಲಕ್ಕೆ ಒತ್ತಿ ಹಿಡೀರಿ. ಬೇನೆ ಕಮ್ಮಿ ಆಗುದಿಲ್ಲ, ಅಲ್ಲಾಡುದು ಕಮ್ಮಿ ಆಗ್ತದೆ."

"ಈಗ ಕಾಣ್ತದಾ ನಿಮಗೆ?" ತ್ರಿಶಲಾ ಕೇಳಿದಳು.

ನೋಣಯ್ಯ ದನಿ ಬಂದ ಕಡೆಗೆ ತಿರುಗಿದರು. "ಹಿಂದಿನ ವರ್ಷ ಎಷ್ಟಿತ್ತೋ ಅಷ್ಟು. ಅಷ್ಟು ಉಳಿದದ್ದೇ ದೊಡ್ಡದು ಅಂತಾರೆ. ಇರ್ಬಹುದು." ಶಶಿಪ್ರಭಾ ಅವರ ಹೆಸರು ಕೂಗಿದಾಗ ನೋಣಯ್ಯ ಎದ್ದು ನಿಂತು, ಕಾಲಿಗೆ ಅಡ್ಡವಾಗಿದ್ದ ತಮ್ಮ ಕೊಡೆಯನ್ನು ಹುಡುಕಿ ಬದಿಗೆ ಸರಿಸಿದರು.

ಒಳಗೆ ಕತ್ತಲೆ. ಕಣ್ಣು ಮರಗಟ್ಟಿಸುವ ಹನಿ, ತಣ್ಣಗಿನ ಅಂಟು, ಅದರ ಮೇಲೆ ಗಾಜು. ಮಿಂಚು ಶುರುವಾಯಿತು, ಪ್ರತಿ ಮಿಂಚಿಗೂ ಟಕ್ ಎಂಬ ಸದ್ದು. ಶಶಿಪ್ರಭಾ ಪಂಚನಮಸ್ಕಾರ ಮಂತ್ರ ಹೇಳತೊಡಗಿದರು.

"ಬಾಯಿ ಆಡಿಸ್ಬೇಡಿ ಅಜ್ಜಿ, ಗದ್ದ ಅಲ್ಲಾಡ್ತದೆ."

"ಮಂತ್ರ ಡಾಕ್ಟ್ರೇ."

"ಮನಸ್ಸಲ್ಲಿ ಹೇಳಿ. ನಾನೂ ನಿಲ್ಲಿಸಿ ನಿಲ್ಲಿಸಿ ಹೊಡೀತೇನೆ."

ಡಾಕ್ಟರು ಹಾಗೆಯೇ ಮಾಡಿದರು. ಐವತ್ತಕ್ಕೊಮ್ಮೆ ನಿಲ್ಲಿಸಿ, "ಉಸಿರು ತೆಗೊಳ್ಳಿ" ಎನ್ನುತ್ತಿದ್ದರು. ನಾನೂರ ಎಂಬತ್ತು ಚುಕ್ಕಿ ಹೊಡೆದರು. ಹೊರಗೆ ಬರುವಾಗ ಶಶಿಪ್ರಭಾ ಅವರ ಸೆರಗು ಬೆವರಿನಿಂದ ಒದ್ದೆಯಾಗಿತ್ತು. ಲೋಕವೆಲ್ಲ ಕಡುನೇರಳೆ ಬಣ್ಣಕ್ಕೆ ತಿರುಗಿತ್ತು. ತ್ರಿಶಲಾ ಮೆಟ್ಟಿಲುಗಳನ್ನು ಒಂದು, ಎರಡು ಎಂದು ಹೇಳುತ್ತ ಕೈ ಹಿಡಿದು ಇಳಿಸಿದಳು.

ಸ್ಟೇಟ್‌ಬ್ಯಾಂಕಿನ ಬಸ್‌ಸ್ಟ್ಯಾಂಡಿನಿಂದ ಬಸ್ಸು ಹೊರಟಾಗ ಐದು ಗಂಟೆ. ಆರೂಕಾಲಕ್ಕೆ ಮನೆ ಸೇರಿದರೆ ಸೂರ್ಯನಿರುವಾಗಲೇ ಊಟವಾಗುತ್ತಿತ್ತು. ಆದರೆ ಗುರುಪುರ ಹೊಳೆಯ ಸಂಕದ ಮೇಲೆ ಒಂದು ಲಾರಿ ಕೆಟ್ಟು ನಿಂತಿತ್ತು. ಬಸ್ಸು ನಲವತ್ತೈದು ನಿಮಿಷ ಅಲ್ಲೇ ಉಳಿಯಿತು.

"ಚಪಾತಿ ಉಂಟು ಅತ್ತೆ, ಇಲ್ಲಿಯೇ ತಿನ್ನಿ."

"ಎಲ್ಲ ನೇರಳೆ ನೇರಳೆ ಕಾಣ್ತದೆ. ಎಂತ ಅಂತ ನೋಡಿ ತಿನ್ನುದು? ಮನೆಗೆ ಹೋಗುವ."

ಕೈಕಂಬ ದಾಟಿದ ಮೇಲೆ ಅವರ ಕೈ ನಡುಗತೊಡಗಿತು. ಹಣೆಯ ಮೇಲೆ ಬೆವರು. ಕರೆದರೆ ಉತ್ತರ ತಡವಾಗಿ ಬರುತ್ತಿತ್ತು. ಸಕ್ಕರೆ ಇಳಿದಿದೆಯೆಂದು ತ್ರಿಶಲೆಗೆ ಗೊತ್ತಾಯಿತು. ಅವಳು ಬಾಳೆಹಣ್ಣು ಸುಲಿದಳು. ಕಿಟಕಿಯಾಚೆ ಸೂರ್ಯ ಮುಳುಗಿ ಆಗಿತ್ತು. ತೋಡಾರಿನ ಅಂಗಡಿಗಳಲ್ಲಿ ದೀಪ ಹತ್ತಿತ್ತು.

"ಸೂರ್ಯ ಉಂಟಾ ತ್ರಿಶಲಾ?"

"ಉಂಟು ಅತ್ತೆ."

"ಸರಿ ನೋಡಿದ್ದೀಯಾ?"

"ಗುಡ್ಡೆ ಮೇಲೆ ಉಂಟು. ಬೇಗ ತಿನ್ನಿ."

ಅವರು ತಿಂದರು. ಎರಡು ಬಾಳೆಹಣ್ಣು, ಅರ್ಧ ಚಪಾತಿ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಏನೋ ಹೇಳಲು ಹೊರಟು, ತ್ರಿಶಲೆಯ ಮುಖ ಕಂಡು ಸುಮ್ಮನೆ ತನ್ನ ನೀರಿನ ಬಾಟಲಿಯನ್ನು ಮುಂದೆ ಚಾಚಿದಳು.

ವಿಷಯ ಹೊರಬಿದ್ದದ್ದು ಮರುದಿನ. ಹಾಲು ಕುಡಿಯುತ್ತ ಶಶಿಪ್ರಭಾ, "ನಿನ್ನೆ ಸೂರ್ಯ ಇರುವಾಗಲೇ ಒಂದು ತುತ್ತು ತಿಂದದ್ದು ಒಳ್ಳೆಯದಾಯ್ತು" ಎಂದರು.

"ಎಲ್ಲಿ?" ಎಂದಳು ಬ್ರಾಹ್ಮಿ, ಪುಸ್ತಕದಿಂದ ತಲೆಯೆತ್ತದೆ.

"ತೋಡಾರಿನಲ್ಲಿ, ಬಸ್ಸಲ್ಲಿ."

"ತೋಡಾರಿಂದ ಇಲ್ಲಿಗೆ ಹತ್ತು ನಿಮಿಷ ಅಜ್ಜಿ. ನಾನು ಟಾರ್ಚ್ ಹಿಡ್ಕೊಂಡು ಬಂದದ್ದಲ್ವಾ ಬಸ್‌ಸ್ಟ್ಯಾಂಡಿಗೆ..."

ಆಮೇಲೆ ಅವಳಿಗೆ ಗೊತ್ತಾಯಿತು. ಪುಸ್ತಕ ಮುಚ್ಚಿದಳು. ಒಳಗೆ ಒಗ್ಗರಣೆಯ ಸದ್ದು ನಿಂತಿತು.

"ತ್ರಿಶಲಾ, ಹೊರಗೆ ಬಾ" ಎಂದರು ಶಶಿಪ್ರಭಾ. ಅವಳು ಬಂದು ನಿಂತಳು.

"ಐವತ್ತು ವರ್ಷದ ನೇಮ ನನ್ನದು."

"ನಿಮಗೆ ಮಾತು ನಿಲ್ತಾ ಇತ್ತು ಅತ್ತೆ. ನಾನು ಎಂತ ಮಾಡ್ಬೇಕಿತ್ತು?"

"ಸೂರ್ಯ ಇಲ್ಲ ಅಂತ ಹೇಳ್ಬೇಕಿತ್ತು."

"ಹೇಳಿದ್ರೆ ತಿಂತಿದ್ರಾ?"

"ಅದು ನನ್ನ ಮಾತು. ತಿಂತಿದ್ದೆನೋ, ಬಿಡ್ತಿದ್ದೆನೋ." ಅವರ ದನಿ ಏರಲಿಲ್ಲ. "ಇನ್ನು ಮುಂದೆ ನಾನು ನೋಡುದೆಲ್ಲ ನಿಮ್ಮ ಕಣ್ಣಿನಲ್ಲಿಯೇ ಅಲ್ವಾ? ನೀನು ಒಮ್ಮೆ ನನಗೋಸ್ಕರ ಸುಳ್ಳು ಹೇಳಿದೆ, ಎರಡನೆಯ ಸಲ ನನಗೇ ಹೇಳಿದೆ. ಮೂರನೆಯ ಸಲ ನಿನ್ನ ಮಾತನ್ನು ಹೇಗೆ ನಂಬುದು ಹೇಳು?"

ತ್ರಿಶಲಾ ಆಫೀಸಿಗೆ ಹೊರಟಳು. ಬುತ್ತಿ ಅಡಿಗೆಮನೆಯ ಕಟ್ಟೆಯ ಮೇಲೆಯೇ ಉಳಿದಿತ್ತು. ಬ್ರಾಹ್ಮಿ ಅದನ್ನು ಹಿಡಿದು ಬಸ್‌ಸ್ಟಾಪಿನವರೆಗೆ ಓಡಿದಳು.

ಎರಡನೆಯ ಲೇಸರ್‌ಗೆ ಇನ್ನೂ ನಾಲ್ಕು ದಿನವಿತ್ತು. ಒಂದು ಬೆಳಿಗ್ಗೆ ಶಶಿಪ್ರಭಾ ತಟ್ಟೆಯಿಂದ ಒಂದು ಉದ್ದ ಕೂದಲನ್ನು ತೆಗೆಯಲು ನೋಡಿದರು. ಎಷ್ಟು ಎಳೆದರೂ ಬೆರಳಿಗೆ ಸಿಗಲಿಲ್ಲ. ತಟ್ಟೆಯಿಂದ ಮುಖ ತಿರುಗಿಸಿದರೆ ಕೂದಲು ಗೋಡೆಯ ಮೇಲೂ ಇತ್ತು. ನೋಡುನೋಡುತ್ತಿದ್ದಂತೆ ಅದು ಎರಡಾಗಿ, ನಾಲ್ಕಾಗಿ, ನೀರಿಗೆ ಶಾಯಿ ಬಿದ್ದ ಹಾಗೆ ಹರಡಿತು. ಹತ್ತು ಗಂಟೆಯ ಹೊತ್ತಿಗೆ ಬಲಗಣ್ಣಿನಲ್ಲಿ ಏನೂ ಉಳಿದಿರಲಿಲ್ಲ.

ಶಾಂತಿಪ್ರಸಾದ ಕಾರು ಗೊತ್ತುಮಾಡಿ ಕರೆದೊಯ್ದ. ಡಾಕ್ಟರು ಬಹಳ ಹೊತ್ತು ನೋಡಿದರು.

"ಒಳಗೆ ರಕ್ತ ಸೋರಿದೆ. ನಾವು ಹೆದರಿದ್ದು ಇದಕ್ಕೇ."

"ಲೇಸರ್ ಮಾಡಿದ್ದರಿಂದ ಆಯ್ತಾ?"

"ಅಲ್ಲ. ಲೇಸರ್ ಪೂರ್ತಿ ಆಗುವ ಮೊದಲು ಆಯ್ತು. ಕೆಲವರಿಗೆ ಹಾಗಾಗ್ತದೆ."

"ಉಪವಾಸದಿಂದ? ಬಸ್ಸಿನಲ್ಲಿ ಸಕ್ಕರೆ ಇಳಿದದ್ದರಿಂದ?"

"ಯಾವುದೋ ಒಂದರಿಂದ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಯಾರ ತಪ್ಪೂ ಅಲ್ಲ."

ಬಲಗಣ್ಣಿನ ರಕ್ತ ತಾನಾಗಿ ಇಳಿಯುತ್ತದೋ ಎಂದು ಕಾಯಬೇಕು, ತಲೆ ಎತ್ತರಿಸಿ ಮಲಗಬೇಕು, ಇಳಿಯದಿದ್ದರೆ ದೊಡ್ಡ ಆಪರೇಷನ್, ಅದರಿಂದಲೂ ಹೆಚ್ಚು ನಿರೀಕ್ಷೆ ಬೇಡ ಎಂದರು. ಎಡಗಣ್ಣಿಗೆ ಅಂದೇ ಲೇಸರ್ ಮಾಡಿದರು. ಈ ಸಲ ಶಶಿಪ್ರಭಾ ನಾಲಿಗೆಯನ್ನು ಮೇಲಕ್ಕೆ ಒತ್ತಿ ಹಿಡಿದು ಅಲುಗದೆ ಕೂತರು. ಹದಿನೈದು ದಿನ ಬಿಟ್ಟು ಅದೇ ಕಣ್ಣಿಗೆ ಮತ್ತೊಮ್ಮೆ. ಆಮೇಲೆ ಗೋಡೆಯ ಹಲಗೆಯಲ್ಲಿ ಅಕ್ಷರ ಓದಿಸಿದರು. ಎಲ್ಲಕ್ಕಿಂತ ಮೇಲಿನ ದೊಡ್ಡ ಅಕ್ಷರ ಇದೆ ಎಂದು ಗೊತ್ತಾಯಿತು, ಯಾವುದು ಎಂದು ಗೊತ್ತಾಗಲಿಲ್ಲ.

"ಇಷ್ಟು ನಿಲ್ತದೆ ಅಜ್ಜಿ. ಬೆಳಕು, ಬಾಗಿಲು, ಮನುಷ್ಯರ ಆಕಾರ."

"ಅಕ್ಕಿ?"

ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ತ್ರಿಶಲೆಗೆ ಆಯಿತು, ಅವಳು ಅತ್ತೆಯ ಭುಜ ಹಿಡಿದುಕೊಂಡಳು.

ಯಾರ ತಪ್ಪೂ ಅಲ್ಲ ಎಂದ ಮೇಲೆ ಮನೆಯಲ್ಲಿ ಎಲ್ಲರೂ ತಪ್ಪು ಹುಡುಕತೊಡಗಿದರು. ಯುಗಾದಿಗೇ ಹೇಳಿದ್ದರೆ ಎಂದು ಶಾಂತಿಪ್ರಸಾದ. ನೀವೇ ಆ ದಿನ ಕಾರು ಮಾಡಿ ಕರೆದುಕೊಂಡು ಹೋಗಿದ್ದರೆ ಎಂದು ತ್ರಿಶಲಾ. ಬಿಂದಿಯನ್ನು ಇನ್ನೂ ಮೊದಲೇ ಅಂಟಿಸಿ ನೋಡಬೇಕಿತ್ತು ಎಂದು ಬ್ರಾಹ್ಮಿ. ಮೈಮೂನಮ್ಮ ಬೇಲಿಯ ಬಳಿ ಅತ್ತೇಬಿಟ್ಟರು. "ರಾಗಿ ಹೆಕ್ತೀರಿ ಅಂತ ಹೇಳಿದ ನಾಲಿಗೆ ಇದು, ಅಕ್ಕ. ಪೊರೆ ಬೇರೆ, ಇದು ಬೇರೆ ಅಂತ ನನಗೆಲ್ಲಿ ಗೊತ್ತು?"

ಸೆಪ್ಟೆಂಬರಿನಲ್ಲಿ ಶಶಿಪ್ರಭಾ ಊಟದ ತಟ್ಟೆಯನ್ನು ದೂಡಿದರು. ಸಿಟ್ಟಿನಿಂದ ಅಲ್ಲ, ಮೆಲ್ಲಗೆ, ಎರಡು ಬೆರಳಲ್ಲಿ.

"ರಾತ್ರಿ ಯಾಕೆ ಉಣ್ಣುದಿಲ್ಲ ನಾವು?" ಎಂದು ಮಗನನ್ನು ಕೇಳಿದರು. "ಅನ್ನದಲ್ಲಿರುವ ಜೀವ ಕಾಣುದಿಲ್ಲ ಅಂತ ಅಲ್ವಾ? ನನಗೆ ಈಗ ಮಧ್ಯಾಹ್ನವೂ ಕಾಣುದಿಲ್ಲ. ಹಾಗಾದ್ರೆ ನಾನು ಯಾವಾಗ ಉಣ್ಣುದು?"

"ನಾವು ನೋಡಿಯೇ ಬಡಿಸುದಲ್ವಾ ಅಮ್ಮ?"

"ನೀನು ಅಂಗಡಿಗೆ ಹೋಗುವ ಅವಸರದಲ್ಲಿ ನೋಡ್ತಿ. ಬ್ರಾಹ್ಮಿ ಪುಸ್ತಕದಲ್ಲಿ ಒಂದು ಕಣ್ಣಿಟ್ಟು ನೋಡ್ತಾಳೆ." ತ್ರಿಶಲೆಯ ಹೆಸರನ್ನು ಅವರು ಎತ್ತಲಿಲ್ಲ.

ಅಂದಿನಿಂದ ಅವರು ತಿಂದದ್ದು ತಾವೇ ಸುಲಿದ ಬಾಳೆಹಣ್ಣು, ಸೋಸಿದ ಹಾಲು, ಎಳನೀರು, ಅಷ್ಟೇ. ಬಾಳೆಹಣ್ಣಿಗೆ ಸಕ್ಕರೆ ಏರುತ್ತಿತ್ತು, ಉಳಿದ ಹೊತ್ತಿನಲ್ಲಿ ತಲೆ ತಿರುಗುತ್ತಿತ್ತು. ಶಾಂತಿಪ್ರಸಾದ ಬೈದ, ಕಾಲು ಹಿಡಿದ, ಒಂದು ದಿನ ತಾನೂ ಊಟ ಬಿಟ್ಟ. "ನೀನು ಬಿಟ್ರೆ ನನಗೆ ಕಾಣ್ತದಾ ಮಗಾ?" ಎಂದರು ಅವರು. ಮೈಮೂನಮ್ಮ ಬೇಲಿಯ ಮೇಲಿಂದ ದಿನಕ್ಕೊಂದು ಎಳನೀರು ದಾಟಿಸುತ್ತಿದ್ದರು. ಹನ್ನೆರಡು ದಿನದಲ್ಲಿ ಶಶಿಪ್ರಭಾ ಅವರ ಬಳೆ ಮೊಣಕೈಯವರೆಗೆ ಜಾರತೊಡಗಿತು. ಹೀಗೇ ಆದರೆ ಮೂತ್ರಪಿಂಡವೂ ಉಳಿಯುವುದಿಲ್ಲ ಎಂದು ಊರ ಡಾಕ್ಟರು ಶಾಂತಿಪ್ರಸಾದನನ್ನು ಹೊರಗೆ ಕರೆದು ಹೇಳಿದರು.

ಹದಿಮೂರನೆಯ ದಿನ ಮಂಗಳವಾರ. ತ್ರಿಶಲಾ ಬುತ್ತಿ ಒಯ್ದಿರಲಿಲ್ಲ, ಒಂದು ಗಂಟೆಗೆ ಊಟಕ್ಕೆ ಮನೆಗೇ ಬಂದಳು. ಕೈಕಾಲು ತೊಳೆದು, ಒಂದು ತಟ್ಟೆಯಲ್ಲಿ ಅನ್ನ, ತೊವ್ವೆ, ಅಲಸಂಡೆಯ ಪಲ್ಯ ಹಾಕಿಕೊಂಡು ಅತ್ತೆ ಕೂತಿದ್ದ ಕಿಟಕಿಯ ಬಳಿಗೆ ಮಣೆ ಎಳೆದುಕೊಂಡಳು. ಮಳೆ ಬಿಟ್ಟು ಒಳ್ಳೆಯ ಬಿಸಿಲಿತ್ತು. ಅವಳು ಅನ್ನವನ್ನು ತಟ್ಟೆಯ ತುಂಬ ತೆಳ್ಳಗೆ ಹರಡಿ ಕಾಳು ಕಾಳಾಗಿ ಬಿಡಿಸತೊಡಗಿದಳು.

"ಎಂತ ಮಾಡ್ತಿದ್ದಿ?"

"ನೋಡ್ತಿದ್ದೇನೆ."

"ನೋಡಿ ಎಂತ ಹೇಳ್ತಿ ಅಂತ ನನಗೆ ಗೊತ್ತುಂಟು. ಎಲ್ಲ ಸರಿ ಉಂಟು ಅಂತ ಹೇಳ್ತಿ."

ತ್ರಿಶಲಾ ಅನ್ನ ನೋಡಿ ಮುಗಿಸಿ ಪಲ್ಯದ ಹೋಳುಗಳನ್ನು ಒಂದೊಂದಾಗಿ ಉಗುರಿನಿಂದ ಸೀಳಿ ನೋಡಿದಳು. ಹದಿನೈದು ಇಪ್ಪತ್ತು ಹೋಳಾದ ಮೇಲೆ ಬೆರಳು ನಿಂತಿತು. ಒಂದು ಹೋಳಿನ ಒಳಗೆ ಅರ್ಧ ಅಕ್ಕಿಯಷ್ಟು, ಬಿಳಿಚಿಕೊಂಡ ಏನೋ ಇತ್ತು. ಅವಳು ತಲೆಯೆತ್ತಿದಳು. ಅತ್ತೆಯ ಮುಖ ಕಿಟಕಿಯ ಕಡೆಗಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಉಗುರಿನ ತುದಿಯಲ್ಲಿ ತೆಗೆದು ಸೀರೆಗೆ ಒರೆಸಿಕೊಂಡಿದ್ದರೆ ಆಗುತ್ತಿತ್ತು. ಅತ್ತೆ ಹದಿಮೂರು ದಿನದ ಮೇಲೆ ಒಂದು ತುತ್ತು ಅನ್ನ ಉಣ್ಣುತ್ತಿದ್ದರೋ ಏನೋ.

"ಅತ್ತೆ, ಪಲ್ಯದಲ್ಲಿ ಒಂದು ಹುಳ ಉಂಟು."

ಶಶಿಪ್ರಭಾ ಮುಖ ಈಚೆ ತಿರುಗಿಸಿದರು. "ಜೀವ ಉಂಟಾ?"

"ಇಲ್ಲ. ಬೆಂದುಹೋಗಿದೆ."

ಅವರು ಕೈ ಮುಗಿದು ಕಣ್ಣು ಮುಚ್ಚಿಕೊಂಡರು. ತ್ರಿಶಲಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸಂಘಕ್ಕೆ ಫೋನು ಮಾಡಿ ಅರ್ಧ ದಿನದ ರಜೆ ಕೇಳಿದಳು. ಬೆಳಗಿನ ಅಡಿಗೆಯನ್ನೆಲ್ಲ ತೆಗೆದಿಟ್ಟು, ಮತ್ತೆ ಮಿಂದು ಬಂದು, ನೀರು ಸೋಸಿ ಒಲೆಗಿಟ್ಟಳು. ಗೆರಸೆಯನ್ನು ಹಿತ್ತಿಲ ಬಿಸಿಲಿಗೆ ಒಯ್ದು ಎರಡು ಹಿಡಿ ಅಕ್ಕಿಯನ್ನು ಮೂರು ಸಲ ನೋಡಿದಳು. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ಬೀಜದ ಸಾಲನ್ನು ನೋಡಿ ಹೆಚ್ಚಿದಳು. ಒಳಗೆ ಕೂತ ಶಶಿಪ್ರಭಾ ಪಾತ್ರೆಯ ಸದ್ದು, ಕತ್ತಿಮಣೆಯ ಸದ್ದು, ನಡುನಡುವೆ ಏನೂ ಸದ್ದಿಲ್ಲದ ಹೊತ್ತು, ಎಲ್ಲವನ್ನೂ ಕೇಳುತ್ತಿದ್ದರು. ಸೊಸೆ ಇನ್ನೂ ಉಂಡಿಲ್ಲವೆಂದು ಅವರಿಗೆ ಗೊತ್ತಿತ್ತು.

ಗಡಿಯಾರ ಮೂರು ಹೊಡೆದ ಮೇಲೆ ತ್ರಿಶಲಾ ಬಂದು ಅದೇ ಮಣೆಯ ಮೇಲೆ ಕೂತಳು. ಹೊಸ ಅನ್ನವನ್ನು ಹರಡಿ, ಆರಲು ಬಿಟ್ಟು, ಮೊದಲಿನಂತೆ ಕಾಳು ಕಾಳಾಗಿ ನೋಡಿದಳು. ಸೌತೆಯ ಹೋಳುಗಳನ್ನು ಮಗುಚಿ ನೋಡಿದಳು. ಈ ಸಲ ಹುಳ ಸಿಗಲಿಲ್ಲ. ಅತ್ತೆ ಕಿಟಕಿಯ ಕಡೆ ಬಿಟ್ಟು ಅವಳ ಕಡೆಗೇ ತಿರುಗಿ ಕೂತಿದ್ದರು. ನೋಡಿ ಮುಗಿದ ಮೇಲೆ ಅನ್ನವನ್ನು ಒಟ್ಟುಮಾಡಿ, ತಟ್ಟೆಯನ್ನು ಅವರ ಮಡಿಲಲ್ಲಿಟ್ಟು, ಅವರ ಬಲಗೈಯನ್ನು ಹಿಡಿದು ಅದರ ಅಂಚಿಗೆ ಮುಟ್ಟಿಸಿದಳು.